ಸಾಯಲೊಲ್ಲದ ಕೋಶಗಳೂ ಎರಡು ಸೌಟು ತಂಬುಳಿಯೂ

ನಮ್ಮ ಮೈಯೊಳಗೆ ಸಾಯಲೊಲ್ಲದ ಕೋಶಗಳಿವೆ ಎಂಬ ಸಂಗತಿ ನನಗೆ ಗೊತ್ತಾದದ್ದು ಶೃಂಗೇರಿಯಿಂದ ಕೊಪ್ಪಕ್ಕೆ ಬರುವ ಬಸ್ಸಿನಲ್ಲಿ. ಪಕ್ಕದ ಸೀಟಿನ ಹೆಂಗಸು ನಿದ್ದೆ ಹೋಗಿ ನನ್ನ ಹೆಗಲಿಗೆ ಒರಗಿದ್ದಳು. ಅಲುಗಾಡುವಂತಿರಲಿಲ್ಲ. ಹಾಗಾಗಿ ಫೋನಿನಲ್ಲಿ ಬಂದದ್ದನ್ನೆಲ್ಲ ನೋಡುತ್ತ ಕೂತಿದ್ದೆ. ಒಂದು ವಿಡಿಯೋದಲ್ಲಿ ಯಾರೋ ವಿವರಿಸುತ್ತಿದ್ದರು: ಜೀವಕೋಶವೊಂದು ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ಹೀಗೆ ಒಡೆದೂ ಒಡೆದೂ ಒಂದು ದಿನ ಅದಕ್ಕೆ ಸಾಕಾಗುತ್ತದೆ. ಆಗ ಹೆಚ್ಚಿನವು ಮರ್ಯಾದೆಯಿಂದ ಸಾಯುತ್ತವೆ. ಕೆಲವು ಮಾತ್ರ ಸಾಯುವುದೂ ಇಲ್ಲ, ಕೆಲಸ ಮಾಡುವುದೂ ಇಲ್ಲ. ಇದ್ದಲ್ಲೇ ಕೂತು ಸುತ್ತಲಿನ ಕೋಶಗಳ ಮೇಲೆ ಎಂಥದೋ ರಸ ಕಾರುತ್ತಿರುತ್ತವೆ. ಮುಪ್ಪು ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಇವುಗಳದ್ದು.

ನಾನು ಫೋನು ಕೆಳಗಿಟ್ಟು ನನ್ನ ಅಂಗೈ ನೋಡಿಕೊಂಡೆ. ಐವತ್ತು ದಾಟಿದ ಅಂಗೈ. ಅದರೊಳಗೆ ಇಷ್ಟೆಲ್ಲ ನಡೆಯುತ್ತಿದೆ, ನನಗೆ ಒಂದು ಮಾತು ಹೇಳಿಲ್ಲ! ಬಸ್ಸು ತಿರುವಿನಲ್ಲಿ ವಾಲಿದಾಗ ಪಕ್ಕದವಳ ತಲೆ ಇನ್ನಷ್ಟು ಭಾರವಾಯಿತು. ಇವಳೊಳಗೂ ಹುಟ್ಟು ಸಾವಿನ ದೊಡ್ಡ ಊರೇ ಇದೆ, ಇವಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ ಎಂದುಕೊಂಡೆ. ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು.

ಜುಮ್ಮೆಂದ ಬೆನ್ನಿಗೇ ಹೆದರಿಕೆಯೂ ಆಯಿತು. ಅದು ನನ್ನ ಹಣೆಬರಹ. ನಾನು ವಿಮಾ ಏಜೆಂಟ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನ ಅಂಗಳಗಳಲ್ಲಿ ಕೂತು, ಕೊಟ್ಟ ಕಾಫಿ ಕುಡಿದು, ‘ನಾಳೆ ನಿಮಗೇನಾದರೂ ಆದರೆ’ ಎಂದು ಮಾತು ತೆಗೆಯುವುದೇ ನನ್ನ ಕಸುಬು. ಕೇಳಿದವರು ಮರುದಿನಕ್ಕೆ ಮರೆಯುತ್ತಾರೆ. ಹೇಳಿದವಳಿಗೆ ಮಾತ್ರ ಅದು ಅಂಟಿಕೊಂಡಿದೆ. ಗಂಟಲು ಕೆರೆದರೆ ನನಗೆ ಬರೀ ಶೀತ ಎಂದೂ ಅನ್ನಿಸಿದ್ದಿಲ್ಲ. ಮನೆಯವರು ಮೇಗುಂದಕ್ಕೆ ಪಂಪ್‌ಸೆಟ್ ರಿಪೇರಿಗೆ ಹೋಗಿ ಊಟದ ಹೊತ್ತಿಗೆ ಬಾರದಿದ್ದರೆ, ಅವರ ಫೋಟೋಕ್ಕೆ ಯಾವ ಚೌಕಟ್ಟು ಹಾಕಿಸಬೇಕು ಎಂಬಲ್ಲಿಯವರೆಗೆ ನನ್ನ ಯೋಚನೆ ಹೋಗಿ ಬರುತ್ತದೆ. ಅವರು ಬಂದು ಕೈ ತೊಳೆದು ಅನ್ನ ಕೇಳಿದಾಗ ಸ್ವಲ್ಪ ಸಿಟ್ಟೂ ಬರುತ್ತದೆ.

ಅಂಥವಳು ಆ ಮಾತ್ರೆ ತರಿಸದೆ ಇರುತ್ತಾಳೆಯೇ? ವಿಡಿಯೋದ ಕೊನೆಯಲ್ಲೇ ಹೇಳಿದ್ದರು, ಆ ಹಠಮಾರಿ ಕೋಶಗಳನ್ನು ಹುಡುಕಿ ಸಾಯುವಂತೆ ಮಾಡುವ ಗುಣ ಕೆಲವು ಗಿಡಗಳಲ್ಲಿದೆ ಎಂದು. ಈರುಳ್ಳಿ ಸಿಪ್ಪೆಯಲ್ಲಿದೆ, ಸೇಬಿನಲ್ಲಿದೆ, ಯಾವುದೋ ದೂರದೇಶದ ಮರದ ಹೂಮೊಗ್ಗಿನಲ್ಲಿದೆ. ಇಷ್ಟು ವರ್ಷ ನಾನು ತಿಪ್ಪೆಗೆ ಎಸೆದ ಈರುಳ್ಳಿ ಸಿಪ್ಪೆ ನೆನೆಸಿ ಹೊಟ್ಟೆ ಉರಿಯಿತು. ಕೊರಿಯರಿನಲ್ಲಿ ಬಂದ ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರವಿತ್ತು. ದಿನಾ ತಿನ್ನುವಂತಿಲ್ಲ, ತಿಂಗಳಿಗೆ ಎರಡೇ ದಿನ. ಉಳಿದ ದಿನ ಮೈ ತಾನೇ ಗುಡಿಸಿಕೊಳ್ಳುತ್ತದಂತೆ. ಮಾತ್ರೆಗಳೋ ಹೆಬ್ಬೆರಳಿನ ಉಗುರಿನಷ್ಟುದ್ದದ ಕ್ಯಾಪ್ಸೂಲು. ನುಂಗುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

“ನಿನ್ನ ಹಳೇ ಸೆಲ್ಲೆಲ್ಲ ಸತ್ರೆ ಉಳಿಯೋದು ಎಂತ ಮಾರಾಯ್ತಿ? ಚಿಂತೆ ಒಂದೇ,” ಎಂದರು ಮನೆಯವರು. “ಅದಕ್ಕೆ ಸಾವಿಲ್ಲ. ಅದು ಒಡ್ದು ಎರಡಾಗ್ತಾನೇ ಇರ್ತದೆ.”

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಾತ್ರೆ ಶುರುಮಾಡಿದ ಮರುತಿಂಗಳು ಚಿಕ್ಕಮ್ಮ ಬಂದಳು.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಸೀತೂರಿನಲ್ಲಿ ಮಗ ಸೊಸೆಯರ ಜೊತೆ ಇದ್ದಾಳೆ. ಎಪ್ಪತ್ತು ದಾಟಿದೆ. ನಲವತ್ತರ ಆಸುಪಾಸಿನಲ್ಲಿ ಅವಳ ಹೃದಯದ ಒಂದು ಕವಾಟ ಕೆಟ್ಟು, ಮಂಗಳೂರಿಗೆ ಕರೆದುಕೊಂಡು ಹೋಗಿ, ಎದೆ ತೆರೆದು, ಲೋಹದ ಕವಾಟ ಕೂರಿಸಿದ್ದರು. ಆ ಲೋಹದ ಸುತ್ತ ರಕ್ತ ಹೆಪ್ಪುಗಟ್ಟಬಾರದೆಂದು ಅಂದಿನಿಂದ ದಿನಾ ಸಂಜೆ ರಕ್ತ ತೆಳುವಾಗುವ ಮಾತ್ರೆ. ರಕ್ತ ಸರಿಯಾದ ಹದದಲ್ಲಿದೆಯೇ ಎಂದು ನೋಡಲು ತಿಂಗಳಿಗೊಮ್ಮೆ ಕೊಪ್ಪದಲ್ಲಿ ಪರೀಕ್ಷೆ. ಅದಕ್ಕೆಂದು ಬಂದವಳು ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿಯುತ್ತಾಳೆ. ಉಳಿದಷ್ಟು ಹೊತ್ತೂ ಅಡುಗೆಮನೆ ಅವಳದ್ದು. ನಾನು ನೆಂಟಳು.

ಅವಳ ದೊಡ್ಡ ಸಂಕಟವೆಂದರೆ ಸೊಪ್ಪು. ಸೊಪ್ಪು ಹೆಚ್ಚು ಕಡಿಮೆಯಾದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ, ದಿನಾ ಒಂದೇ ಅಳತೆ ತಿನ್ನಿ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಕಂಡ ಕಂಡ ಚಿಗುರನ್ನೆಲ್ಲ ಜೀರಿಗೆ ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿ ತಂಬುಳಿ ಮಾಡುವ ಕೈ ಅದು. ಆ ಕೈಗೆ ದಿನಕ್ಕೊಂದು ಹಿಡಿಯ ಕಟ್ಟಳೆ ಬಿತ್ತು. ಇಷ್ಟು ವರ್ಷ ಅವಳು ಅದನ್ನು ಮೀರಿದ್ದಿಲ್ಲ. ಆದರೆ ಪ್ರತಿ ಸಲ ಹಿಡಿ ತುಂಬಿಸುವಾಗ ಬೆರಳು ಆದಷ್ಟು ಅಗಲಿಸುತ್ತಾಳೆ.

ಅವತ್ತು ಬೆಳಿಗ್ಗೆ ನನಗೆ ನರಸಿಂಹರಾಜಪುರದಲ್ಲಿ ಕೆಲಸವಿತ್ತು. ಪರೀಕ್ಷೆಗೆ ಮಧ್ಯಾಹ್ನದ ಮೇಲೆ ಹೋಗುವುದೆಂದಾಗಿತ್ತು. ನಾನು ಹಸಿದು ಬಂದು ಕೂತಾಗ ಎಲೆಗೆ ಅನ್ನ ಬಿತ್ತು, ಅದರ ಮೇಲೆ ತಂಬುಳಿ ಬಿತ್ತು. ಸೇವಂತಿಗೆಯಂಥ ಹಳದಿ. ಕಲಸಿ ಉಂಡೆ. ಸ್ವಲ್ಪ ಒಗರು, ಹಿಂದಿನಿಂದ ಕಹಿ, ಅದರ ಮೇಲೆ ತುಪ್ಪದ ಒಗ್ಗರಣೆ.

“ಚಿಕ್ಕಮ್ಮಾ, ಎಂತದ್ರದ್ದು ಇದು? ಭಾರೀ ಲಾಯ್ಕಿದೆ.”

“ಲಾಯ್ಕ್ ಇರ್ದೆ ಎಂತ? ನಿಂದೇ ಮದ್ದು,” ಎಂದಳು.

ನಾನು ನಗುತ್ತಲೇ ಇದ್ದೆ. ಆಮೇಲೆ ಅವಳು ಬೆರಳು ಮಾಡಿದ ಕಡೆ ನೋಡಿದೆ. ಫ್ರಿಜ್ಜಿನ ಮೇಲೆ ಇಟ್ಟಿದ್ದ ನನ್ನ ಬಾಟಲಿ ಒಲೆಯ ಪಕ್ಕ ಖಾಲಿ ನಿಂತಿತ್ತು. ತಟ್ಟೆಯಲ್ಲಿ ಕ್ಯಾಪ್ಸೂಲಿನ ಓಡುಗಳು ಒಂದಕ್ಕೊಂದು ಅಂಟಿಕೊಂಡು ಗುಡ್ಡೆಯಾಗಿದ್ದವು. ಅವರೆಕಾಳು ಹಿಚುಕಿ ಸಿಪ್ಪೆ ಗುಡ್ಡೆ ಹಾಕುತ್ತಾರಲ್ಲ, ಹಾಗೆ.

“ಹೋದ್ಸಲ ನೀನು ಕಣ್ಣು ಮೇಲೆ ಮಾಡ್ಕೊಂಡು ನುಂಗೋದು ನೋಡಿದ್ದೆ. ಕೋಳಿಮರಿಗೆ ಮದ್ದು ಹಾಕಿದ ಹಾಗೆ! ಪಾಪ ಅನ್ನಿಸ್ತು ಮಾರಾಯ್ತಿ. ಸೊಪ್ಪು ಸಿಪ್ಪೆದು ಅಂತ ನೀನೇ ಹೇಳಿದ್ದಲ್ವಾ? ಸೊಪ್ಪಿನ ಮದ್ದನ್ನ ತಂಬುಳಿ ಮಾಡೋದು ಬಿಟ್ಟು ಓಡಲ್ಲಿ ತುಂಬಿ ನುಂಗ್ತಾರಾ ಯಾರಾದ್ರೂ? ಬುದ್ಧಿ ಇಲ್ದವ್ರು.”

“ನೀನು ಉಂಡ್ಯಾ?” ಎಂದು ಎದ್ದೇಬಿಟ್ಟೆ.

“ಉಣ್ದೆ? ಎರಡು ಸೌಟು ಹಾಕ್ಕೊಂಡೆ. ಡಾಕ್ಟ್ರು ಅಳತೆ ಹೇಳಿದ್ದು ಸೊಪ್ಪಿಗೆ. ಇದು ಪುಡಿ!”

ಎಷ್ಟೋ ವರ್ಷಗಳ ನಂತರ ಕಾನೂನಿನಲ್ಲೊಂದು ಸಂದು ಕಂಡವಳ ಖುಷಿ ಅವಳ ಮುಖದಲ್ಲಿತ್ತು. ಬಾಟಲಿಯ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು ಎಂದು ಬರೆದಿತ್ತು. ಸಣ್ಣ ಅಕ್ಷರ ಓದುವುದರಲ್ಲಿ ಮೂರು ತಾಲ್ಲೂಕಿಗೆ ನಾನೇ ಮುಂದು. ಓದಿಯೂ ಇದ್ದೆ. ನನಗಲ್ಲ ಎಂದು ಮುಂದೆ ಹೋಗಿದ್ದೆ, ಅಷ್ಟೇ.

ಎಂಜಲು ಕೈಯಲ್ಲೇ ಫೋನು ಮಾಡಿದೆ. ಕೈ ತೊಳೆದು ಬನ್ನಿ, ಅವರನ್ನೂ ಕರೆದುಕೊಂಡು ಬನ್ನಿ ಎಂದರು ಡಾಕ್ಟರು.

ಅವರು ಚಿಕ್ಕಮ್ಮನನ್ನು ಬಹಳ ವರ್ಷದಿಂದ ಬಲ್ಲವರು. ರಕ್ತ ತೆಗೆಸಿದರು. ಖಾಲಿ ಬಾಟಲಿ ತಿರುಗಿಸಿ ತಿರುಗಿಸಿ ಓದಿದರು.

“ಎಷ್ಟು ತಿಂದಿರಿ?”

“ಎರಡು ಸೌಟು,” ಎಂದಳು ಚಿಕ್ಕಮ್ಮ.

“ಸೌಟಿನ ಲೆಕ್ಕದಲ್ಲಿ ಇದನ್ನ ತಿಂದವರನ್ನ ನಾನು ಈವರೆಗೆ ನೋಡಿಲ್ಲ ಕಣಮ್ಮ,” ಎಂದು ಅವರು ಕನ್ನಡಕ ತೆಗೆದರು. ಇವತ್ತಿನ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ, ರಕ್ತ ಎಷ್ಟು ತೆಳುವಾಗಿದೆ ಎಂಬ ಲೆಕ್ಕ ಏರುವುದಾದರೆ ಎರಡು ಮೂರು ದಿನದಲ್ಲಿ ಏರಬಹುದು, ಏರದೆಯೂ ಇರಬಹುದು, ಅಲ್ಲಿಯವರೆಗೆ ಸೀತೂರಿಗೆ ಕಳಿಸಬೇಡಿ ಎಂದು ನನಗೆ ಹೇಳಿದರು. ಒಸಡಿನಲ್ಲಿ ರಕ್ತ, ಮೂತ್ರದಲ್ಲಿ ಬಣ್ಣ, ಎಂದಿಲ್ಲದ ತಲೆನೋವು, ಇದರಲ್ಲಿ ಯಾವುದು ಕಂಡರೂ ತಕ್ಷಣ ಕರೆದುಕೊಂಡು ಬರಬೇಕು. ಹೆದರಬೇಡಿ ಎಂದೂ ಹೇಳಿದರು. ನನಗೆ!

“ಡಾಕ್ಟ್ರೇ, ಅದು ಎಂತ ಮದ್ದು? ಇವ್ಳು ನಂಗೆ ಸರಿ ಹೇಳ್ಲಿಲ್ಲ,” ಎಂದು ಚಿಕ್ಕಮ್ಮ ಕೇಳಿದಳು.

ಅವರು ಹೇಳಿದರು. ವಯಸ್ಸಾಗಿ, ಕೆಲಸವನ್ನೂ ಮಾಡದೆ, ಸಾಯಲೂ ಒಪ್ಪದೆ, ಕೂತಲ್ಲೇ ಕೂತು ಅಕ್ಕಪಕ್ಕದವರಿಗೆ ತೊಂದರೆ ಕೊಡುವ ಕೋಶಗಳನ್ನು ತೆಗೆಯುವ ಮದ್ದು.

“ಹಾಗಾರೆ ಅದು ನಾನೇ,” ಎಂದಳು ಚಿಕ್ಕಮ್ಮ. “ಸೊಸೆ ಹತ್ರ ಕೇಳಿ ಬೇಕಾದ್ರೆ.”

ಡಾಕ್ಟರು ಜೋರಾಗಿ ನಕ್ಕರು. ಆಮೇಲೆ ಅವರು ಹೇಳಿದ ಮಾತು ನನ್ನಲ್ಲಿ ಉಳಿದಿದೆ. ಆ ಕೋಶಗಳನ್ನು ಸುಮ್ಮನೆ ಬಯ್ಯುವಂತಿಲ್ಲ. ಕೈ ಕೊಯ್ದುಕೊಂಡರೆ ಗಾಯದ ಬಾಯಲ್ಲಿ ಅಂಥವೇ ಕೆಲವು ಹುಟ್ಟಿಕೊಳ್ಳುತ್ತವೆ. ಅವು ಕಾರುವ ರಸವೇ ಉಳಿದವನ್ನು ಕೂಗಿ ಕರೆಯುತ್ತದೆ, ಗಾಯ ಮುಚ್ಚುತ್ತದೆ, ಆಮೇಲೆ ಅವು ಹೋಗುತ್ತವೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು ಇನ್ನೂ ಯಾರಿಗೂ ಪೂರ್ತಿ ತಿಳಿದಿಲ್ಲ. “ನಿಮ್ಮ ಎದೆಯಲ್ಲಿ ಕೂರಿಸಿದ ಆ ಕವಾಟದ ಬಳೆ ಇದೆಯಲ್ಲ ಅಮ್ಮ, ಅದಕ್ಕೆ ಹೊಲಿಗೆ ಹಾಕಿದ್ದು ಮಂಗಳೂರಿನವರು. ಆದರೆ ಅದರ ಮೇಲೆ ಹಬ್ಬಿ, ಅದನ್ನ ತಮ್ಮದು ಅಂತ ಮಾಡ್ಕೊಂಡದ್ದು ನಿಮ್ಮದೇ ಕೋಶಗಳು. ಅವು ಬೆಳೆದು ಮುಚ್ಚಿದ್ದಕ್ಕೇ ಅದು ಅಲ್ಲಿ ಗಟ್ಟಿ ನಿಂತದ್ದು.”

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡಳು. ಯಾರೋ ತನ್ನ ಮನೆಮಂದಿಯನ್ನು ಹೊಗಳಿದಾಗ ಸಂಕೋಚಪಡುವ ಹಾಗೆ.

ಮನೆಗೆ ಬಂದ ಮೇಲೆ ಶುರುವಾಯಿತು ನನ್ನ ಕಾವಲು. ಅವಳು ಹಲ್ಲುಜ್ಜಿದರೆ ಬಚ್ಚಲಿನ ಬಾಗಿಲಲ್ಲಿ ನಾನು. ಚಾಕು, ಈಳಿಗೆಮಣೆ, ತುರಿಯುವ ಮಣೆ ಎಲ್ಲ ಅಟ್ಟ ಸೇರಿದವು. ಎರಡು ದಿನ ನಾವು ಕೈಯಲ್ಲಿ ಮುರಿಯಲು ಬರುವ ತರಕಾರಿ ಮಾತ್ರ ತಿಂದೆವು. ‘ತಲೆ ನೋಯ್ತದಾ?’ ಎಂದು ನಾನು ಎಷ್ಟು ಸಲ ಕೇಳಿದೆನೆಂದರೆ, “ಈಗ ನೋಯ್ತದೆ. ನೀನು ಕೇಳಿ ಕೇಳಿ,” ಎಂದಳು.

ಎರಡನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜಿನ ಗುಂಯ್ ನಿಂತಿತು, ಪಕ್ಕದ ಮನೆಯ ಟಿವಿಯೂ ಬಾಯಿ ಮುಚ್ಚಿತು. ಚಿಕ್ಕಮ್ಮ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಅವಳ ಬೆನ್ನ ಹಿಂದೆ ಕೂತಿದ್ದೆ. ಆಗ ಕೇಳಿಸಿತು. ಟಿಕ್. ಟಿಕ್. ಟಿಕ್. ಗೋಡೆ ಗಡಿಯಾರ ನೋಡಿದೆ. ನಮ್ಮ ಗಡಿಯಾರ ಸೆಲ್ಲು ಮುಗಿದು ನಿಂತು ಎಷ್ಟೋ ಕಾಲವಾಗಿತ್ತು.

ಇದು ನನಗೆ ಗೊತ್ತಿಲ್ಲದ್ದೇನಲ್ಲ. ಲೋಹದ ಕವಾಟ ಸದ್ದು ಮಾಡುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವಳಿರುವಲ್ಲಿ ಮಾತಿರುತ್ತದೆ, ಪಾತ್ರೆಯ ಸದ್ದಿರುತ್ತದೆ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೂತು ಕೇಳಿರಲಿಲ್ಲ.

“ಬೇಕಾದ್ರೆ ಕಿವಿ ಇಡು,” ಎಂದಳು. ನಿದ್ದೆ ಬಂದಿರಲಿಲ್ಲ ಅವಳಿಗೆ.

ಬೆನ್ನಿಗೆ ಕಿವಿ ಇಟ್ಟೆ. ಮೊದಲು ಉಸಿರು ಕೇಳಿತು, ಅಡಿಯಲ್ಲೆಲ್ಲೋ ನೀರು ಹರಿಯುವಂಥ ಒಂದು ಸದ್ದು, ಅದರ ನಡುವೆ ಆ ಟಿಕ್, ಚಿಲಕ ಹಾಕಿ ತೆಗೆದ ಹಾಗೆ. ಒಂದೊಂದು ಸಲವೂ ಬಾಗಿಲು ತೆರೆಯಿತು, ರಕ್ತ ದಾಟಿತು, ಬಾಗಿಲು ಮುಚ್ಚಿತು. ನಾನು ಮದುವೆಯಾದಾಗ, ಅಮ್ಮ ಹೋದಾಗ, ಬಸ್ಸಿನಲ್ಲಿ ಕೂತು ಮುಪ್ಪಿನ ವಿಡಿಯೋ ನೋಡುತ್ತಿದ್ದಾಗ, ಒಂದು ಸಲವೂ ಬಿಡದೆ ಇದು ನಡೆದಿದೆ. ಆ ಲೋಹದ ಬಳೆಯ ಅಂಚಿಗೆ, ಕಲ್ಲಿಗೆ ಪಾಚಿ ಹಬ್ಬಿದ ಹಾಗೆ ಹಬ್ಬಿ ಕೂತಿರುವ ಆ ಕೋಶಗಳು! ಅವುಗಳಲ್ಲಿ ಎಷ್ಟು ಮುದಿಯೋ, ಎಷ್ಟು ಎಳೆಯವೋ. ಹಿಡಿದ ಹಿಡಿತ ಬಿಟ್ಟಿಲ್ಲ. ನನ್ನ ಕೆನ್ನೆಗೂ ಅವಕ್ಕೂ ನಡುವೆ ಇದ್ದದ್ದು ಒಂದು ರವಿಕೆ, ಒಂದಿಷ್ಟು ಚರ್ಮ, ಎಲುಬು. ದೇವಸ್ಥಾನದಲ್ಲಿ ನನಗೆ ಕಣ್ಣು ಮುಚ್ಚಿದರೆ ಮನೆಯ ಗ್ಯಾಸ್ ನೆನಪಾಗುತ್ತದೆ. ಅವತ್ತು ಏನೂ ನೆನಪಾಗಲಿಲ್ಲ.

“ನಿಂಗೆ ಇದು ಯಾವಾಗ್ಲೂ ಕೇಳ್ತಾನೇ ಇರ್ತದಾ?” ಎಂದು ಕೇಳಿದೆ.

“ಮೊದಮೊದ್ಲು ನಿದ್ದೆ ಬರ್ತಿರ್ಲಿಲ್ಲ. ಈಗ ಕೇಳ್ದೆ ಇದ್ರೆ ಎಚ್ಚರ ಆಗ್ಬಹುದು,” ಎಂದಳು. ಸ್ವಲ್ಪ ಬಿಟ್ಟು, “ಕೇಳ್ದೆ ಇದ್ರೆ ಎಚ್ಚರ ಎಲ್ಲಿಂದ ಆಗ್ತದೆ, ಅಲ್ವಾ?” ಎಂದು ನಕ್ಕಳು. ನನ್ನ ಕಿವಿಯ ಕೆಳಗೆ ಆ ನಗು, ಟಿಕ್ಕುಗಳನ್ನೆಲ್ಲ ಅಲುಗಾಡಿಸಿತು.

ಮಾರನೇ ಬೆಳಿಗ್ಗೆ ಅವಳ ಎಡ ಮುಂಗೈಯ ಮೇಲುಭಾಗದಲ್ಲಿ ಕಲೆ ಕಂಡಿತು. ವೀಳ್ಯದೆಲೆಯಷ್ಟು ಅಗಲ, ನೇರಳೆ ಹಣ್ಣು ಜಜ್ಜಿದ ಬಣ್ಣ. ಹಂಡೆಯ ಕಂಠಕ್ಕೆ ತಾಗಿತ್ತೇನೋ, ನೆನಪಿಲ್ಲ ಎಂದಳು. ನೋವೂ ಇಲ್ಲವಂತೆ. ಮನೆಯವರು ರಿಪೇರಿ ಅಂಗಡಿ ತೆರೆಯದೆ ಜೀಪು ತೆಗೆದರು. ತಮಾಷೆ ಮಾಡಲಿಲ್ಲ, ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ರಕ್ತದ ಲೆಕ್ಕ ಏರಿತ್ತು. ತಂಬುಳಿಯಿಂದಲೇ ಏರಿತು ಎಂದು ಆಣೆ ಮಾಡಿ ಹೇಳಲಾರೆ, ಆದರೆ ಹೊಸದಾಗಿ ಹೊಟ್ಟೆಗೆ ಹೋದದ್ದು ಅದೊಂದೇ ತಾನೇ ಎಂದರು ಡಾಕ್ಟರು. “ಮಾತ್ರೆ ಕೊಡ್ತಾ ಹೋದರೆ ಒಳಗೆಲ್ಲೋ ರಕ್ತ ಸೋರಬಹುದು. ತುಂಬ ದಿನ ನಿಲ್ಲಿಸಿದರೆ ವಾಲ್ವ್ ಮೇಲೆ ಹೆಪ್ಪುಗಟ್ಟಬಹುದು. ಇವತ್ತಿನದ್ದು ಬೇಡ. ನಾಳೆ ನೋಡುವ.” ಆ ರಾತ್ರಿಗೆ ಅವಳನ್ನು ಅಲ್ಲೇ ಇರಿಸಿಕೊಂಡರು. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ.

ವಿಚಿತ್ರವೆಂದರೆ ಆ ದಿನ ನನಗೆ ಚಿಂತೆ ಮಾಡಲು ಬರಲಿಲ್ಲ. ಮುಂದೇನು ಎಂದು ಕಲ್ಪಿಸಿಕೊಳ್ಳುವ ಯಂತ್ರವೇ ನಿಂತುಹೋಗಿತ್ತು. ಅವಳ ಕೈ ಹಿಡಿದುಕೊಂಡು ಆ ನೇರಳೆ ಕಲೆಯ ಅಂಚನ್ನೇ ನೋಡುತ್ತಿದ್ದೆ. ಅಗಲವಾಯಿತೇ? ಇಲ್ಲ. ಈಗ? ಇಲ್ಲ.

“ಹೋದ್ರೆ ಹೋದೆ ಬಿಡು,” ಎಂದಳು ಅವಳು. “ಮಂಗ್ಳೂರಿಂದ ಬಂದ್ಮೇಲೆ ಸಿಕ್ಕಿದ ದಿನ ಎಲ್ಲಾ ನಂಗೆ ಲಾಭವೇ. ಆದ್ರೆ ತಂಬುಳಿ ಉಂಡು ಸತ್ಲು ಅಂತ ಆಗ್ಬಾರ್ದು. ಊರಲ್ಲಿ ಮುಖ ತೋರ್ಸೋದು ಹೇಗೆ?”

“ಸತ್ಮೇಲೆ ಎಂತ ಮುಖ ಚಿಕ್ಕಮ್ಮಾ?”

“ನಂದಲ್ಲ. ನಿಂದು.”

ಮರುದಿನ ಲೆಕ್ಕ ಇಳಿಮುಖವಾಗಿತ್ತು. ಅದರ ಮರುದಿನ ಅವಳ ಹದಕ್ಕೆ ಬಂತು. ಸಂಜೆಯ ಮಾತ್ರೆ ಮತ್ತೆ ಶುರು ಮಾಡಿ ಎಂದರು. ಚೀಟಿ ನನ್ನ ಕೈಗಿತ್ತು, ನೀವು ಆ ಕ್ಯಾಪ್ಸೂಲು ತಿನ್ನುವುದಿದ್ದರೆ ಬೀಗ ಹಾಕಿ ಇಡಿ ಎಂದರು. ಮತ್ತೆ ತರಿಸುವ ಧೈರ್ಯ ನನಗಿನ್ನೂ ಬಂದಿಲ್ಲ. ಅದು ಸುಳ್ಳೆಂದಲ್ಲ. ಮೊಗ್ಗು ಸಿಪ್ಪೆಗಳೊಳಗೆ ಕೂತ ಒಂದು ಹಳದಿ ಪುಡಿಗೆ ಮನುಷ್ಯರ ರಕ್ತದವರೆಗೆ ಕೈ ಚಾಚುವ ಶಕ್ತಿಯಿದೆ ಎಂದು ಕಣ್ಣಾರೆ ಕಂಡೆ ಎಂದೇ ನನಗೆ ಅನ್ನಿಸುತ್ತದೆ. ಅಂಥದ್ದನ್ನು ಫ್ರಿಜ್ಜಿನ ಮೇಲೆ ಇಡುವುದು ಹೇಗೆ?

ಚಿಕ್ಕಮ್ಮ ಸೀತೂರಿಗೆ ಹೋದಳು. ಒಂದು ವಾರ ತಡೆದುಕೊಂಡೆ. ಆಮೇಲೆ ಆ ಕಡೆ ಯಾರದ್ದೋ ಪಾಲಿಸಿಯ ನೆಪ ಮಾಡಿಕೊಂಡು ಹೊರಟೆ.

ಅಂಗಳದಲ್ಲಿ ಸೊಸೆ ಮೆಣಸು ಹರವುತ್ತಿದ್ದಳು. “ಬನ್ನಿ ಅಕ್ಕಾ. ಅತ್ತೆ ಬಂದವ್ರಿಗೆಲ್ಲ ಕೈ ತೋರಿಸಿ ಕಥೆ ಹೇಳ್ತಿದಾರೆ. ಕಥೇಲಿ ನೀವು ಅಳ್ತೀರಿ,” ಎಂದಳು.

“ನಾನು ಅಳ್ಲಿಲ್ಲ!”

“ನಮ್ಗೆ ಕಥೇನೇ ಗಟ್ಟಿ.”

ಚಿಕ್ಕಮ್ಮ ಬಿಸಿಲಿಗೆ ಬೆನ್ನು ಕೊಟ್ಟು ಜಗಲಿಯಲ್ಲಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಮುಂದೆ ಚಾಚಿದಳು. “ನೋಡು. ಬಂದದ್ದೇ ಅದಕ್ಕಲ್ವಾ?”

ನೇರಳೆ ಎಲ್ಲೂ ಇರಲಿಲ್ಲ. ನಡುವೆ ಒಂದಿಷ್ಟು ಹಸಿರು, ಅದರ ಸುತ್ತ ಹಳದಿ, ಅಂಚಿನಲ್ಲಿ ಅದೂ ಕರಗಿ ಅವಳ ಕೈಯ ಸ್ವಂತ ಬಣ್ಣ. ಸೋರಿ ನಿಂತ ಸತ್ತ ರಕ್ತವನ್ನು ಯಾವುದೋ ಕೋಶಗಳು ಬಂದು ತಿಂದು, ಒಡೆದು, ಬಣ್ಣ ಬದಲಿಸಿ, ಹೊತ್ತು ಸಾಗಿಸುತ್ತಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ. ಎಪ್ಪತ್ತು ದಾಟಿದ ಕೈ. ನಾನು ಜಗಲಿಯ ಮೇಲೆ ಅವಳ ಪಕ್ಕ ಕೂತು, ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲಿಗೆ ಹಿಡಿದು ನೋಡುತ್ತಲೇ ಇದ್ದೆ.

“ಎಂತ ಮಾರಾಯ್ತಿ, ಹೋಗ್ತಾ ಇದೆಯಲ್ಲ ಅದು,” ಎಂದಳು.

“ಹೋಗ್ತಾ ಇದೆ ಚಿಕ್ಕಮ್ಮಾ. ಅದನ್ನೇ ನೋಡ್ತಿರೋದು.”